ಒಂದು ಇಂಚು ಹತ್ತು ಸೆಂಟ್: ಮಡಿಕೇರಿಯಲ್ಲಿ ನಾನು ನಗಿಸಲು ಕಲಿತದ್ದು

ಮಡಿಕೇರಿಯಲ್ಲಿ ನಾನು ಮೊದಲ ಸಲ ಮೈಕ್ ಹಿಡಿದದ್ದು 2022ರ ಜೂನ್‌ನಲ್ಲಿ. ಒಂದು ಕಾಫಿ ಅಂಗಡಿಯ ಮಹಡಿ, 22 ಕುರ್ಚಿ, 14 ಜನ, ತಲೆಯ ಮೇಲೆ ತಗಡಿನ ಮಾಡು. ಹತ್ತು ನಿಮಿಷ ಮಾತನಾಡಿದೆ. ಮಂಜು, ಜಿಗಣೆ, ಹಂದಿ ಮಾಂಸ, ಕೋವಿ ಹೀಗೆ ಕೊಡಗು ಎಂದೊಡನೆ ಹೊರಗಿನವರಿಗೆ ನೆನಪಾಗುವುದನ್ನೆಲ್ಲ ಒಂದೊಂದಾಗಿ ಮುಟ್ಟಿದೆ. ಜನ ಸೌಜನ್ಯಕ್ಕೆ ಮುಗುಳ್ನಕ್ಕರು. ಕೊನೆಗೆ ಹೇಳಿದ ಒಂದು ಸಾಲು ಇಂದಿಗೂ ನನ್ನನ್ನು ಬಿಟ್ಟಿಲ್ಲ: “ಈ ಊರಿನಲ್ಲಿ ಬೆಟ್ಟ ಹತ್ತುವ ಕಷ್ಟವೇ ಇಲ್ಲ, ಸ್ವಲ್ಪ ಕಾದರೆ ಬೆಟ್ಟವೇ ಇಳಿದು ಬರುತ್ತದೆ.”

ಯಾರೂ ನಗಲಿಲ್ಲ. ತಗಡಿನ ಮೇಲೆ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು.

ಎಲ್ಲರೂ ಹೋದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಕೊಡೆ ಮಡಚಿಕೊಂಡು ಹತ್ತಿರ ಬಂದರು. ಐವತ್ತರ ಆಸುಪಾಸಿನವರು. “ತಂಗಿ, 2018ರಲ್ಲಿ ನಮ್ಮ ಮನೆ ಹೋಯಿತು. ನೋಯಿಸಬೇಕೆಂದು ನೀವು ಹೇಳಿದ್ದಲ್ಲ, ಅದು ಗೊತ್ತು. ಮಾತು ಚೆನ್ನಾಗಿ ಬರುತ್ತದೆ ನಿಮಗೆ, ಬಿಡಬೇಡಿ” ಎಂದು ಹೇಳಿ ಮೆಟ್ಟಿಲು ಇಳಿದು ಹೋದರು. ಆ ವರ್ಷದ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರಿನ ಕಡೆ ಗುಡ್ಡಗಳು ಜರಿದದ್ದನ್ನು ನಾನೂ ಟಿವಿಯಲ್ಲಿ ನೋಡಿದ್ದೆ. ನನಗೆ ಅದು ಸುದ್ದಿ, ಎದುರಿಗೆ ಕೂತವರಿಗೆ ಅದು ಮನೆ. ಆ ರಾತ್ರಿ ಬಾಡಿಗೆ ಕೋಣೆಯಲ್ಲಿ ಕೂತು ಹಾಸ್ಯ ಬರೆದಿಟ್ಟುಕೊಂಡಿದ್ದ ಹಳೆಯ ಪುಸ್ತಕದ ಅಷ್ಟೂ ಹಾಳೆಗಳ ಮೇಲೆ ಗೀಟು ಎಳೆದೆ.

ನನ್ನ ಊರು ಹಾವೇರಿ ಜಿಲ್ಲೆ. ಬ್ಯಾಂಕ್ ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದಾಗ ಮೂರು ವರ್ಷ ಓಪನ್ ಮೈಕ್‌ಗಳಲ್ಲಿ, ಅಂದರೆ ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಕಾರ್ಯಕ್ರಮಗಳಲ್ಲಿ, ಐದೈದು ನಿಮಿಷ ಮಾತನಾಡಿ ಅಭ್ಯಾಸ ಮಾಡಿದ್ದೆ. ಅಲ್ಲಿ ನನ್ನ ಕೈಹಿಡಿದದ್ದು ಹುಬ್ಬಳ್ಳಿ ರೈಲಿನ ರಾತ್ರಿ ಪ್ರಯಾಣದ ಏಳು ನಿಮಿಷದ ಸೆಟ್. ವರ್ಗವಾಗಿ ಮಡಿಕೇರಿ ಶಾಖೆಗೆ ಬಂದಾಗ ಅದನ್ನೇ ನೆಚ್ಚಿಕೊಂಡಿದ್ದೆ. ಆದರೆ ಕೊಡಗಿನಲ್ಲಿ ರೈಲು ಮಾರ್ಗವೇ ಇಲ್ಲ. ಇಲ್ಲಿನವರೂ ರೈಲು ಹತ್ತುತ್ತಾರೆ, ನಿಜ. ಆದರೆ ಅದು ಅವರ ದಿನದ ಬದುಕಿನೊಳಗಿನ ವಸ್ತುವಲ್ಲ. ಎಂಟನೇ ನಂಬರಿನ ಬರ್ತ್ ಎಂದರೆ ಯಾವುದು ಎಂದು ವಿವರಿಸಬೇಕಾದ ಕ್ಷಣವೇ ನಗು ಸತ್ತು ಹೋಗುತ್ತದೆ.

ಮುಂದಿನ ಏಳು ತಿಂಗಳು ನಾನು ವೇದಿಕೆ ಹತ್ತಲಿಲ್ಲ, ಕೇಳಿಸಿಕೊಂಡೆ. ಶುಕ್ರವಾರದ ಸಂತೆ, ಬಸ್ ನಿಲ್ದಾಣ, ಮದುವೆಯ ಪಂಕ್ತಿ, ಎಲ್ಲಿ ಜನ ತಾವಾಗಿ ನಗುತ್ತಾರೋ ಅಲ್ಲಿ ನಿಂತೆ. ಒಂದು ನಿಯಮ ಮಾಡಿಕೊಂಡಿದ್ದೆ, ಈಗಲೂ ಬಿಟ್ಟಿಲ್ಲ: ಬ್ಯಾಂಕ್ ಕೌಂಟರ್‌ನಲ್ಲಿ ಕಿವಿಗೆ ಬಿದ್ದದ್ದು ವೇದಿಕೆಗೆ ಬರಬಾರದು. ಸಾಲ ಕೇಳಲು ಬಂದವರ ಮಾತು ಎಷ್ಟೇ ನಗು ತರಿಸಿದರೂ ಅದು ಅವರ ಸ್ವತ್ತು.

ಹೀಗೆ ಕೇಳುತ್ತಿದ್ದಾಗ ಸಿಕ್ಕಿದ್ದು ಮಳೆಯ ಲೆಕ್ಕ. ನಮ್ಮ ಹಾವೇರಿಯಲ್ಲಿ ಮಳೆ ಬಂದರೆ ‘ಮಳೆ ಬಂತೇ?’ ಎಂದು ಕೇಳುತ್ತಾರೆ. ಕೊಡಗಿನ ತೋಟದವರು ‘ಎಷ್ಟು ಬಂತು?’ ಎಂದು ಕೇಳುತ್ತಾರೆ. ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಫೆಬ್ರವರಿ, ಮಾರ್ಚ್‌ನಲ್ಲಿ ಬರುವ ಹೂಮಳೆಯ ಮೇಲೆ ರೊಬಸ್ಟಾ ಕಾಫಿಯ ಇಡೀ ವರ್ಷದ ಫಸಲು ನಿಂತಿರುತ್ತದೆ. ಹತ್ತು ಸೆಂಟ್, ಹದಿನೈದು ಸೆಂಟ್ ಬಿದ್ದು ನಿಂತುಬಿಟ್ಟರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಹೂವು ಅರಳಿದ ಮೇಲೆ ಮತ್ತೆ ಎರಡು ಮೂರು ವಾರಕ್ಕೆ, ಕಾಯಿ ಕಚ್ಚಿ ನಿಲ್ಲಲು, ಬ್ಯಾಕಿಂಗ್ ಮಳೆ ಬರಬೇಕು. ಇಷ್ಟು ಆತಂಕ ತುಂಬಿರುವ ಮಾತನ್ನು ಜನ ನಗುನಗುತ್ತಲೇ ಆಡುತ್ತಾರೆ. ಅದನ್ನು ಕೇಳಿದಾಗ ಎದೆ ತುಂಬಿ ಬಂತು. ಹೊರಗಿನವರು ಹೇಳುವ ಜಿಗಣೆಯ ಮಾತು ಇವರಿಗೆ ಸವೆದ ನಾಣ್ಯ. ಸೆಂಟಿನ ಮಾತು ಹಾಗಲ್ಲ, ಅದು ಇವರ ಮನೆಯೊಳಗಿನದು.

2023ರ ಮಾರ್ಚ್‌ನಲ್ಲಿ ಅದೇ ಮಹಡಿಯಲ್ಲಿ ಹೇಳಿದೆ. ಒಂದೇ ಬೇಲಿಯ ಆಚೆ ಈಚೆ ಎರಡು ತೋಟ. ಒಬ್ಬರಿಗೆ 85 ಸೆಂಟ್, ಇನ್ನೊಬ್ಬರಿಗೆ ಒಂದು ಇಂಚು ಹತ್ತು ಸೆಂಟ್. 85 ಸೆಂಟಿನವರಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಮೊದಲು ಬರೆದಾಗ ಆ ಸಾಲು ಹೀಗಿತ್ತು: “ಅವರು ಮೋಡವನ್ನಲ್ಲ, ಪಕ್ಕದವರ ಮಳೆಮಾಪಕವನ್ನು ಅನುಮಾನಿಸುತ್ತಿದ್ದಾರೆ.” ಜನ ನಕ್ಕರು, ಆದರೆ ನಗು ತುಂಡು ತುಂಡಾಗಿ ಬಂತು. ಮೊಬೈಲ್‌ನಲ್ಲಿ ಮುದ್ರಿಸಿಕೊಂಡದ್ದನ್ನು ಮತ್ತೆ ಮತ್ತೆ ಕೇಳಿದಾಗ ಕಾರಣ ತಿಳಿಯಿತು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘ಮಳೆಮಾಪಕ’ ಎಂದೊಡನೆ ಮುಂದಿನವರು ನಗಲು ಶುರು ಮಾಡುತ್ತಾರೆ, ‘ಅನುಮಾನಿಸುತ್ತಿದ್ದಾರೆ’ ಎಂಬ ಉದ್ದದ ಬಾಲ ಅದರ ಮೇಲೆ ಬಂದು ಬೀಳುತ್ತದೆ. ಸಾಲನ್ನು ತಿರುಗಿಸಿದೆ: “ಅವರಿಗೆ ಅನುಮಾನ ಮೋಡದ ಮೇಲಲ್ಲ, ಪಕ್ಕದವರ ಮಳೆಮಾಪಕದ ಮೇಲೆ.” ಮುಂದಿನ ವಾರ ಇಡೀ ಮಹಡಿ ಒಂದೇ ಸಲಕ್ಕೆ ನಕ್ಕಿತು. ಅಂದಿನಿಂದ ಪ್ರತಿ ಸೆಟ್ ಬರೆದ ಮೇಲೆ ಒಂದೊಂದು ಸಾಲಿನ ಕೊನೆಯ ಪದದ ಕೆಳಗೆ ಗೆರೆ ಎಳೆದು ನೋಡುತ್ತೇನೆ. ಅಲ್ಲಿ ಬರಿಯ ಕ್ರಿಯಾಪದ ಕೂತಿದ್ದರೆ ಅದನ್ನು ಎಬ್ಬಿಸುತ್ತೇನೆ. ಕನ್ನಡದಲ್ಲಿ ನಗಿಸಲು ಹೊರಟವರಿಗೆ ನಾನು ಹೇಳಿಕೊಡಬಲ್ಲ ಅತ್ಯಂತ ಬೆಲೆಯುಳ್ಳ ಪಾಠ ಇದೊಂದೇ.

ಭಾಷೆಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಮಡಿಕೇರಿಯ ಒಂದು ಸಭೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಮನೆಮಾತಿನವರು ಪಕ್ಕಪಕ್ಕದಲ್ಲಿ ಕೂತಿರುತ್ತಾರೆ. ಕನ್ನಡ ಎಲ್ಲರಿಗೂ ಬರುತ್ತದೆ. ಆದರೆ ಅದು ಎಲ್ಲರೂ ಸೇರುವ ಅಂಗಳ, ಬಹಳ ಜನರಿಗೆ ಅಡುಗೆಮನೆಯಲ್ಲ. ಹಾವೇರಿಯ ನುಡಿಗಟ್ಟಿನ ಮೇಲೆ ನಿಂತ ನನ್ನ ಶ್ಲೇಷೆಗಳು ಇಲ್ಲಿ ನೆಲಕ್ಕಿಳಿಯಲಿಲ್ಲ. ಸನ್ನಿವೇಶದ ಮೇಲೆ ನಿಂತ ಹಾಸ್ಯ ಮಾತ್ರ ಎಲ್ಲ ಸಾಲುಗಳಿಗೂ ತಲುಪಿತು. ಶ್ಲೇಷೆಗಳನ್ನು ಕೈಬಿಟ್ಟದ್ದು ನೋವಿನ ಕೆಲಸ, ಅವು ಅಮ್ಮನ ಬಾಯಿಂದ ಬಂದವು. ಹಾಗೆಯೇ ಒಂದು ಜನಾಂಗದವರನ್ನು ನಗಿಸಲು ಇನ್ನೊಂದು ಜನಾಂಗದವರನ್ನು ಎತ್ತಿಕೊಳ್ಳುವುದಿಲ್ಲ ಎಂದೂ ನಿರ್ಧರಿಸಿದೆ. ಸುಲಭವಾಗಿ ಸಿಗುವ ನಗು ಅದು, ನನಗೆ ಬೇಡ.

ಬೈಗುಳದ ಹಾಸ್ಯ ಕೊಡಗಿಗೆ ಹೊಸದೇನೂ ಅಲ್ಲ. ಗೋಣಿಕೊಪ್ಪಲಿನ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಯರವರು ಬಗೆಬಗೆಯ ವೇಷ ಹಾಕಿ, ಗಂಡಸರು ಹೆಂಗಸರ ಉಡುಗೆ ತೊಟ್ಟು, ಡಬ್ಬ ಬಡಿಯುತ್ತಾ ದೇವರಿಂದ ಹಿಡಿದು ದಾರಿಹೋಕರವರೆಗೆ ಎಲ್ಲರನ್ನೂ ಬೈಯುತ್ತಾ ಕಾಸು ಕೇಳುತ್ತಾರೆ. ನಾನು ಹೋಗಿದ್ದಾಗ ನನಗೂ ಧಾರಾಳವಾಗಿ ಸಿಕ್ಕಿತು. ವರ್ಷವಿಡೀ ಇನ್ನೊಬ್ಬರ ತೋಟದಲ್ಲಿ ತಗ್ಗಿ ದುಡಿಯುವವರು ಆ ಒಂದು ದಿನ ತಲೆಯೆತ್ತಿ ಬೈಯುತ್ತಾರೆ, ಬೈಸಿಕೊಳ್ಳುವವರು ಕಾಸು ಕೊಟ್ಟು ನಗುತ್ತಾರೆ. ಬೈಗುಳ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು, ಅದಕ್ಕೇ ಅದು ನಗುವಾಗಿತ್ತು. ನನ್ನ ಬೆಟ್ಟದ ಸಾಲು ಹೋದದ್ದು ಯಾವ ದಿಕ್ಕಿಗೆ ಎಂಬುದು ಅಲ್ಲಿ ನಿಂತಾಗ ನನಗೆ ಸ್ಪಷ್ಟವಾಯಿತು.

ಇನ್ನು ವ್ಯವಹಾರದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಕೆಳಗೆ ಹಾಸ್ಯ ನಡೆಯುವುದಿಲ್ಲ. ಮಳೆ ಬಿರುಸಾದರೆ ಮೈಕ್ ಇದ್ದರೂ ಪಂಚ್‌ಲೈನ್ ಕೇಳಿಸದು, ಕರೆಂಟ್ ಹೋದರೆ ಮೈಕ್ ಕೂಡ ಇಲ್ಲ. ನವೆಂಬರ್‌ನಿಂದ ಕಾಫಿ ಕೊಯ್ಲು, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಆಗ ತೋಟದವರಿಗೂ ಕಾರ್ಮಿಕರಿಗೂ ಬಿಡುವಿಲ್ಲ. ಹೂಮಳೆಯ ನಂತರದ ವಾರಗಳು, ಮೇ ತಿಂಗಳು, ದಸರಾ ಸುತ್ತಮುತ್ತ, ಇವು ನನ್ನ ಹಂಗಾಮು. ಸಮಯವೂ ಅಷ್ಟೇ. ಬೆಂಗಳೂರಿನಂತೆ ರಾತ್ರಿ ಎಂಟಕ್ಕೆ ಇಟ್ಟರೆ ಹಳ್ಳಿಯ ಬಸ್ ತಪ್ಪುತ್ತದೆ, ದಾರಿಯಲ್ಲಿ ಆನೆಯ ಭಯ. ಭಾನುವಾರ ಮಧ್ಯಾಹ್ನ ಮೂರೂವರೆಗೆ ಬದಲಾಯಿಸಿದ ತಿಂಗಳೇ ಜನ 20ರಿಂದ 60ಕ್ಕೆ ಏರಿದರು. ಆರು ತಿಂಗಳು ಹಾಸ್ಯವನ್ನು ತಿದ್ದಿ ಆಗದ್ದು ಗಡಿಯಾರ ತಿದ್ದಿದಾಗ ಆಯಿತು.

ಮೊದಲ ಸಂಭಾವನೆ 1,500 ರೂಪಾಯಿ, ಒಂದು ನಿವೃತ್ತಿ ಸಮಾರಂಭದಲ್ಲಿ. ಆಮೇಲೆ ಸಮಾಜಗಳ ಕೂಟಗಳು, ಕಾಲೇಜುಗಳು, ಒಂದು ದಸರಾದಲ್ಲಿ ಗಾಂಧಿ ಮೈದಾನದ ವೇದಿಕೆಯಲ್ಲಿ ಹದಿನೈದು ನಿಮಿಷ. ಅಲ್ಲಿ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮಳೆಮಾಪಕದ ಮಾತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಈಗ ನನ್ನ ಕಾರ್ಯಕ್ರಮಕ್ಕೆ ಟಿಕೆಟ್ ಇಟ್ಟರೂ 180 ಕುರ್ಚಿ ತುಂಬುತ್ತವೆ. ಬ್ಯಾಂಕ್ ಕೆಲಸ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ.

ಕೊಡೆ ಮಡಚಿಕೊಂಡು ಬಂದಿದ್ದವರು ಆಮೇಲೆ ಪ್ರತಿ ಕಾರ್ಯಕ್ರಮಕ್ಕೂ ಬರತೊಡಗಿದರು, ಕೂರುವುದು ಹಿಂದಿನ ಸಾಲಿನಲ್ಲೇ. ಕಳೆದ ವರ್ಷ ಒಂದು ಸಂಜೆ, “ತಂಗಿ, ನಮ್ಮ ಮನೆಯ ಒಂದು ಕಥೆ ಇದೆ, ನೀವು ಹೇಳಿ” ಎಂದರು. ಕೇಳಿದೆ. ಕೇಳಿ ಮುಗಿಸಿದ ಮೇಲೆ, “ಅಣ್ಣಾ, ಇದನ್ನು ನಾನು ಹೇಳಬಾರದು, ನೀವೇ ಹೇಳಬೇಕು” ಎಂದೆ. ಒಪ್ಪಲು ಮೂರು ತಿಂಗಳು ತೆಗೆದುಕೊಂಡರು. ಮೂರು ಭಾನುವಾರ ಕೂತು ಅಭ್ಯಾಸ ಮಾಡಿದೆವು. ನಾನು ತಿದ್ದಿದ್ದು ಸಾಲಿನ ಕೊನೆಗಳನ್ನು ಮಾತ್ರ.

ಅರೆಭಾಷೆಯಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರು. ಗುಡ್ಡ ಜರಿಯುವ ಸದ್ದು ಕೇಳಿ ಎಲ್ಲರೂ ಓಡಿದಾಗ ಅವರ ತಾಯಿ ಮನೆಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರಂತೆ. ಮನೆ ಉಳಿಯಲಿಲ್ಲ, ಬೀಗವೂ ಉಳಿಯಲಿಲ್ಲ. ಆ ಬೀಗದ ಕೈ ಈಗ ಪುನರ್ವಸತಿ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. “ಮನೆ ಹೋದದ್ದಕ್ಕೆ ಅಮ್ಮ ಯಾರನ್ನೂ ಬೈಯಲಿಲ್ಲ. ಆದರೆ ಸುಣ್ಣ ಬಳಿಯುವಾಗ ಅದನ್ನು ತೆಗೆದು ಎಲ್ಲೋ ಇಟ್ಟೆ. ಇಡೀ ಬಡಾವಣೆಗೆ ಕೇಳುವಂತೆ ಕೂಗಿದರು: ಇನ್ನು ಮನೆಗೆ ಹೋದರೆ ಬಾಗಿಲು ತೆಗೆಯುವುದು ಹೇಗೋ?”

ಸಭೆ ಉಸಿರು ಹಿಡಿದು ಅವರ ಮುಖವನ್ನೇ ನೋಡಿತು. ಮೊದಲು ನಕ್ಕವರು ಅವರೇ. ಆಮೇಲೆ ಮೂರನೇ ಸಾಲಿನಲ್ಲಿ ಕೂತಿದ್ದ ಅವರ ತಾಯಿ ನಕ್ಕರು. ಆಮೇಲೆ ಎಲ್ಲರೂ.