ಮಾಳಿಗೆ ಮನೆ ಮಾಡೆಲ್‌ಗೆ ಬೆಳಕಿಂಡಿಯಿಂದಲೇ ಬಿಸಿಲು ತಂದೆ

ಕೊರಟಗೆರೆ ಕಡೆಯ ನಮ್ಮ ಅಜ್ಜಿಯದು ಮಾಳಿಗೆ ಮನೆ, ಅಂದರೆ ಮಣ್ಣು ಹೊದಿಸಿದ ಮಟ್ಟಸ ಚಾವಣಿಯದು. ಅದನ್ನು ಕೆಡವುವ ಮೊದಲು ಟೇಪು ಹಿಡಿದು ಅಳತೆಯೆಲ್ಲಾ ಬರೆದಿಟ್ಟುಕೊಂಡಿದ್ದೆ. ಒಂದು ಅಡಿ ಉದ್ದಕ್ಕೆ ಅರ್ಧ ಇಂಚಿನ ಲೆಕ್ಕದಲ್ಲಿ ಅದನ್ನೇ ಮಾಡೆಲ್ ಮಾಡಿದ್ದೇನೆ. ಜಗಲಿ, ಕಂಬ, ಕಂಬದ ತಲೆಯ ಬೋದಿಗೆ, ಚಾವಣಿ ಹೊರುವ ಜಂತೆ, ಒಲೆ ಎಲ್ಲಾ ಇದೆ. ಆದರೆ ಇಲ್ಲಿ ಜಾಸ್ತಿ ಹೇಳಬೇಕಿರುವುದು ಬೆಳಕಿನ ಬಗ್ಗೆ.

ತುಮಕೂರಿನಲ್ಲಿ ಈ ಹುಚ್ಚಿರುವ ಗೆಳೆಯರು ಮೂರ್ನಾಲ್ಕು ಜನ ಇದ್ದಾರೆ. ಎಲ್ಲರದ್ದೂ ಒಂದೇ ಮಾತು: "ಜಂತೆ ಸಂದಿಯಲ್ಲಿ ಎಲ್‌ಇಡಿ ಕೂರಿಸು, ಸುಮ್ನೆ ಕಷ್ಟ ಯಾಕೆ?" ನಾನು ಒಪ್ಪಲಿಲ್ಲ. ಮಾಳಿಗೆ ಮನೆಯ ನಡುಮನೆಗೆ ಬೆಳಕು ಬರುವುದೇ ಚಾವಣಿಯಲ್ಲಿ ಬಿಟ್ಟಿರುವ ಬೆಳಕಿಂಡಿಯಿಂದ. ನೆಲದ ಮೇಲೆ ಬಿಸಿಲಿನ ಒಂದು ಚೌಕ, ಸುತ್ತ ಅರೆಗತ್ತಲು. ಅದಿಲ್ಲದಿದ್ದರೆ ಅದು ನಮ್ಮ ಮನೆಯೇ ಅಲ್ಲ.

ಮೊದಲು ಕೈಕೊಟ್ಟಿದ್ದು ಗೋಡೆ. 4 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ನಿಜವಾದ ಮಣ್ಣು ಬಳಿದೆ. ಬೆಳಗ್ಗೆ ನೋಡಿದರೆ ಹಲಗೆ ದೋಸೆಯ ಹಾಗೆ ಸುರುಟಿಕೊಂಡಿತ್ತು, ಮಣ್ಣು ಕೆರೆಯಂಗಳದ ಹಾಗೆ ಬಿರಿದಿತ್ತು. ಎರಡು ಸಲ ಹೀಗೇ ಆಗಿ ಒಂದೂವರೆ ಸಾವಿರ ಹೋಯಿತು. ಮೂರನೇ ಸಲ ಎರಡೂ ಬದಿಗೆ ತೆಳು ಫೆವಿಕಾಲ್ ಬಳಿದು ಒಣಗಿಸಿದೆ. ಜರಡಿ ಹಿಡಿದ ಹುತ್ತದ ಮಣ್ಣಿಗೆ ಹತ್ತಿ ಕತ್ತರಿಸಿ ಸೇರಿಸಿ, ತೆಳುವಾಗಿ ನಾಲ್ಕು ಪದರ ಕೊಟ್ಟೆ. ಒಂದು ಬಿರುಕೂ ಇಲ್ಲ. ಅದರಲ್ಲಿ ಇನ್ನೊಂದು ಪದಾರ್ಥ ಇದೆ, ಅದು ನನ್ನ ಹತ್ತಿರವೇ ಇರಲಿ. ಅಡುಗೆಮನೆ ಗೋಡೆಯ ಮಸಿಯ ಗುಟ್ಟೂ ಅಷ್ಟೇ.

ಇನ್ನು ಬೆಳಕಿಂಡಿ. ಮೊದಲು ಅದರ ಬಾಯಿಗೆ ಬಟರ್ ಪೇಪರ್ ಹಾಕಿ ಮೇಲೆ ಎಲ್‌ಇಡಿ ಇಟ್ಟೆ. ಬೆಳಕು ಚೆದುರಿ ನಡುಮನೆಯೆಲ್ಲಾ ಬೆಳ್ಳಗಾಯಿತು, ಮೊಬೈಲ್ ಅಂಗಡಿ ಥರ. ಚೌಕ ಬೀಳಬೇಕಾದರೆ ಬೆಳಕಿನ ಮೂಲ ಚಿಕ್ಕದಿರಬೇಕು, ದೂರವೂ ಇರಬೇಕು. ದೂರ ಇಟ್ಟರೆ ಕಾಣುತ್ತದಲ್ವಾ? ಮನೆ ಹಿಂದೆ ಹುಣಸೆ ಮರ ನಿಲ್ಲಿಸಿದೆ. ಬೈಂಡಿಂಗ್ ವೈರ್ ಹೊಸೆದು ಮಾಡಿದ ಮರ. ಮಾಳಿಗೆಯಿಂದ ಎಂಟು ಇಂಚು ಮೇಲೆ, ಚಾಚಿದ ಕೊಂಬೆಯ ಎಲೆ ಮರೆಯಲ್ಲಿ 1 ವ್ಯಾಟ್ ಬಿಳಿ ಎಲ್‌ಇಡಿ, ಲೆನ್ಸ್ ಇಲ್ಲದೆ. ಫ್ಯಾನ್ ವೈಂಡಿಂಗ್ ಮಾಡುವ ಅಂಗಡಿಯವರು ಕೂದಲಿನಂಥ ತಾಮ್ರದ ತಂತಿ ಸುಮ್ನೆ ಕೊಟ್ಟರು, ಅದೇ ಕಾಂಡದೊಳಗೆ ಇಳಿದಿದೆ.

ಹಳೇ ಮೊಬೈಲ್ ಚಾರ್ಜರ್‌ನ 5 ವೋಲ್ಟ್ ಸಾಕು. ಕರೆಂಟ್ ತಗ್ಗಿಸಲು ಮೊದಲು 5 ಓಮ್ ರೆಸಿಸ್ಟರ್ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಅಂಟು ಕರಗಿ ಎಲೆಯೆಲ್ಲಾ ಉದುರಿತು. 22 ಓಮ್‌ಗೆ ಬಂದ ಮೇಲೆ ತಣ್ಣಗಿದೆ. ಜಗಲಿಯ ದೀಪಕ್ಕೆ ಎಲ್ಲರೂ 100 ಓಮ್ ಹಾಕುತ್ತಾರೆ, ನಾನು ಹಾಕಿದ್ದು 1 ಕಿಲೋ ಓಮ್, ಅಂದರೆ ಸಾವಿರ; ಬೆಳಕು ಮಂದ. ಹಳ್ಳಿ ದೀಪ ಇರುವುದೇ ಅಷ್ಟು.

ಒಲೆಗೆ ದೀಪಾವಳಿಯಲ್ಲಿ ಮಾರುವ ಮಿಣುಕುವ ಬ್ಯಾಟರಿ ದೀಪ ಒಡೆದು ಒಳಗಿನದ್ದನ್ನು ಹಾಕಿದೆ, ಇಪ್ಪತ್ತು ರೂಪಾಯಿ ಇರಬೇಕು. ಹಗ್ಗದ ನೆಲವಿನಲ್ಲಿ ತೂಗುವ ಮಡಕೆಗಳು ನೀಲಗಿರಿ ಕಾಯಿ. ಗೋಧಿ ಹಿಟ್ಟಲ್ಲಿ ಕಾಳು ತುಂಬುವ ವಾಡೆ ಮಾಡಿದ್ದೆ, ಒಂದೇ ತಿಂಗಳಿಗೆ ಹುಳ ಬಿತ್ತು. ಈಗಿರುವುದು ಜೇಡಿಮಣ್ಣಿನದು. ಒಟ್ಟು ಐದೂವರೆ, ಆರು ಸಾವಿರ ಆಗಿರಬಹುದು, ಎಂಟು ತಿಂಗಳ ಭಾನುವಾರಗಳು ಬೇರೆ.

ದಸರಾ ಗೊಂಬೆ ಜೊತೆ ಕೂರಿಸಿದಾಗ ಆ ಗೆಳೆಯರೂ ಬಂದರು. ಮನೆ ದೀಪ ಆರಿಸಿ ಚಾರ್ಜರ್ ಹಾಕಿದೆ. ಒಬ್ಬ ಬಗ್ಗಿ ಬಾಗಿಲಲ್ಲಿ ಕಣ್ಣಿಟ್ಟವನು ಬಹಳ ಹೊತ್ತು ಏಳಲೇ ಇಲ್ಲ. ಎಲ್‌ಇಡಿ ಎಲ್ಲಿದೆ ಅಂತ ಯಾರಿಗೂ ಸಿಗಲಿಲ್ಲ.

ಅಮ್ಮ ಮಾತ್ರ ನೋಡಿ, "ಬಿಸಿಲು ಇಲ್ಲಿ ಬೀಳಬಾರದು ಕಣೋ. ಬೀಸೋ ಕಲ್ಲಿನ ಹತ್ರ ಬಂದಾಗ ಹೊಲಕ್ಕೆ ಬುತ್ತಿ ಹೊರಡೋದು" ಅಂದರು. ಕೊಂಬೆಯನ್ನು ಆ ಕಡೆಗೆ ಒಂದಿಂಚು ಬಗ್ಗಿಸಿದೆ, ಚೌಕ ಈ ಕಡೆಗೆ ಅರ್ಧ ಇಂಚು ಸರಿಯಿತು. ಈಗ ಬೀಸೋ ಕಲ್ಲಿನ ಪಕ್ಕಕ್ಕೇ ಬೀಳುತ್ತದೆ.