ವಕೀಲರಾಗಿದ್ದ ಅಪ್ಪನ ನೆನಪಿನ ಪುಸ್ತಿಕೆ: ಬರೆಯುವ ಮುನ್ನ, ಅಚ್ಚಿಗೆ ಕೊಡುವ ಮುನ್ನ

ವೈಕುಂಠ ಸಮಾರಾಧನೆಗೋ ಶಿವಗಣಾರಾಧನೆಗೋ ಹಂಚುವ ಪುಸ್ತಿಕೆಗೆ ಸಿಗುವುದು ಹೆಚ್ಚೆಂದರೆ ಹತ್ತು ದಿನ. ಬರವಣಿಗೆ ಆಗದಿದ್ದರೆ ವರ್ಷಾಬ್ದಿಕಕ್ಕೆ ಇಟ್ಟುಕೊಳ್ಳಿ, ತೊಂದರೆಯಿಲ್ಲ. ಮಾಹಿತಿ ಕಲೆಹಾಕುವುದು ಮಾತ್ರ ಮೊದಲ ವಾರದಲ್ಲೇ ಆಗಬೇಕು. ಕಕ್ಷಿದಾರರು ಬಂದು ಫೈಲು ಒಯ್ಯತೊಡಗುತ್ತಾರೆ, ಜೂನಿಯರ್‌ಗಳು ಬೇರೆ ಆಫೀಸು ಸೇರುತ್ತಾರೆ, ಗುಮಾಸ್ತರೂ ಹೊರಡುತ್ತಾರೆ.

ಗುಮಾಸ್ತರಿಂದಲೇ ಶುರುಮಾಡಿ. ಮನೆಯವರಿಗೆ ಗೊತ್ತಿಲ್ಲದ ಅರ್ಧ ಬದುಕು ಅವರಿಗೆ ಗೊತ್ತಿರುತ್ತದೆ. ‘ಸಾಹೇಬರು ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥವರು’ ಎನ್ನುತ್ತಾರೆ, ಮಾತು ಮುಗಿಯುತ್ತದೆ. ‘ಫೀಸು ಯಾರ ಹತ್ತಿರ ಕೇಳುತ್ತಿರಲಿಲ್ಲ?’, ‘ಆರ್ಗ್ಯುಮೆಂಟಿನ ಹಿಂದಿನ ರಾತ್ರಿ ಎಷ್ಟು ಹೊತ್ತು ಕೂರುತ್ತಿದ್ದರು?’ ಎಂದು ಕೇಳಿ.

ಆಮೇಲೆ ಡೈರಿ. ವಕೀಲರ ಡೈರಿಯ ಪುಟದಲ್ಲಿ ಕೇಸ್ ನಂಬರು, ಹಿಂದಿನ ತಾರೀಕು, ಹಂತ, ಮುಂದಿನ ತಾರೀಕು ಇರುತ್ತವೆ. ಅಂಚಿನಲ್ಲಿ ಕೆಲವೊಮ್ಮೆ ‘ಮಗಳ ಪರೀಕ್ಷೆ’, ‘ಅಮ್ಮನ ಕಣ್ಣು, ಆಸ್ಪತ್ರೆ’ ಎಂದು ಪೆನ್ಸಿಲಿನಲ್ಲಿ ಬರೆದಿರುತ್ತದೆ. ಆ ದಿನ ಎಷ್ಟು ಕೇಸಿಗೆ ಮುಂದಿನ ತಾರೀಕು ಪಡೆದಿದ್ದಾರೆ ಎಂದು ಎಣಿಸಿ, ಅದನ್ನೇ ಬರೆಯಿರಿ. ‘ಕುಟುಂಬವತ್ಸಲ’ ಎಂಬ ಪದ ಬೇಕಾಗುವುದಿಲ್ಲ. ಡೈರಿಯ ಪುಟವನ್ನು ಹಾಗೆಯೇ ಫೋಟೋ ತೆಗೆದು ಅಚ್ಚು ಹಾಕಬೇಡಿ, ಅದರಲ್ಲಿ ಕಕ್ಷಿದಾರರ ಹೆಸರುಗಳಿವೆ.

ತಾರೀಕುಗಳಲ್ಲೇ ಹೆಚ್ಚು ತಪ್ಪಾಗುವುದು. ಹಳೆಯ ತಲೆಮಾರಿನವರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹುಟ್ಟಿದ ದಿನ ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿಗೆ ಬರೆದದ್ದಾಗಿರಬಹುದು. ಜಾತಕವಿದ್ದರೆ ತಾಳೆ ನೋಡಿ. ವಕೀಲಿಕೆಯ ವರ್ಷಗಳನ್ನು ಲಾ ಡಿಗ್ರಿಯಿಂದಲ್ಲ, ಸನ್ನದು (ವಕೀಲಿಕೆಯ ಪರವಾನಗಿ) ಪಡೆದ ದಿನದಿಂದ ಎಣಿಸಬೇಕು. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯ ಕೊನೆಯಲ್ಲೇ ಆ ವರ್ಷವಿರುತ್ತದೆ. ಹೈಕೋರ್ಟಿನ ಪ್ರಸಂಗ 1973ರ ನವೆಂಬರ್‌ಗೆ ಮುಂಚಿನದಾದರೆ ‘ಮೈಸೂರು ಹೈಕೋರ್ಟ್’ ಎಂದೇ ಬರೆಯಿರಿ. ಧಾರವಾಡ, ಕಲಬುರಗಿಯಲ್ಲಿ ಹೈಕೋರ್ಟ್ ಸಂಚಾರಿ ಪೀಠ ಶುರುವಾದದ್ದು 2008ರಲ್ಲಿ. ಅದಕ್ಕೆ ಮೊದಲು ಅಲ್ಲಿನವರು ಹೈಕೋರ್ಟಿನ ರಿಟ್ ಅರ್ಜಿಗೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೇ ಬರಬೇಕಿತ್ತು. ಟೆನೆನ್ಸಿ (ಗೇಣಿ ಜಮೀನಿನ) ಕೇಸುಗಳ ವಿಷಯದಲ್ಲಂತೂ ಇನ್ನೂ ಹುಷಾರು: 1974ರ ನಂತರ ಬಂದ ಭೂನ್ಯಾಯ ಮಂಡಳಿಗಳ (ಲ್ಯಾಂಡ್ ಟ್ರಿಬ್ಯೂನಲ್) ಮುಂದೆ ಆರಂಭದ ವರ್ಷಗಳಲ್ಲಿ ವಕೀಲರು ಹಾಜರಾಗುವಂತಿರಲಿಲ್ಲ. ‘1976ರಲ್ಲಿ ಟ್ರಿಬ್ಯೂನಲ್‌ನಲ್ಲಿ ವಾದಿಸಿದರು’ ಎಂದು ಬರೆದರೆ ಬಾರ್ ಅಸೋಸಿಯೇಷನ್ನಿನ ಹಿರಿಯರು ನಗುತ್ತಾರೆ.

ವರದಿಯಾದ ತೀರ್ಪುಗಳಲ್ಲಿ ವಕೀಲರ ಹೆಸರಿರುತ್ತದೆ. ತೀರ್ಪುಗಳನ್ನು ಪ್ರಕಟಿಸುವ ಐಎಲ್‌ಆರ್ (ಇಂಡಿಯನ್ ಲಾ ರಿಪೋರ್ಟ್ಸ್) ಕರ್ನಾಟಕ, ಕರ್ನಾಟಕ ಲಾ ಜರ್ನಲ್ ಸಂಪುಟಗಳನ್ನು ಬಾರ್ ಲೈಬ್ರರಿಯಲ್ಲಿ ಹುಡುಕಿಸಿ. ಅಂಥ ಎರಡು ತೀರ್ಪು ಸಾಕು. ‘ಸಾವಿರಾರು ಕೇಸು ಗೆದ್ದರು’ ಎಂಬುದನ್ನು ಯಾರೂ ನಂಬುವುದಿಲ್ಲ.

ಯಾವುದನ್ನು ಬರೆಯಬಾರದು ಎಂಬುದೂ ಮುಖ್ಯ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಹೊರಗೆಡಹಬಾರದೆಂಬ ಹೊಣೆ ಕೇಸು ಮುಗಿದರೂ ಮುಗಿಯುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಹೇಳುವುದು ಅದನ್ನೇ. ವಿಚ್ಛೇದನ, ಪಾಲುವಾಟ್ನಿ ದಾವೆಗಳನ್ನು ಊರಿನ ಹೆಸರು ತೆಗೆದು ಬರೆದರೂ ಸುತ್ತಲಿನವರಿಗೆ ಗುರುತು ಸಿಗುತ್ತದೆ. ಅಂಥವನ್ನು ಬಿಟ್ಟೇಬಿಡಿ.

ಅಚ್ಚಿನ ಕೆಲಸ: ನಡುವೆ ಪಿನ್ ಹಾಕುವ ಪುಸ್ತಿಕೆಯ ಪುಟಗಳು ನಾಲ್ಕರಿಂದ ಭಾಗವಾಗಬೇಕು, 16 ಪುಟ ಸಾಕಷ್ಟಾಯಿತು. 4×6 ಇಂಚಿನ ಚಿತ್ರಕ್ಕೆ ಕನಿಷ್ಠ 1200×1800 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರೆಸ್ಸಿನವರು ಯೂನಿಕೋಡನ್ನು ‘ನುಡಿ’ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುತ್ತವೆ. ಕೊನೆಯ ಪ್ರೂಫಿನಲ್ಲಿ ಹೆಸರುಗಳನ್ನಷ್ಟೇ ಇನ್ನೊಮ್ಮೆ ಬೇರೆಯಾಗಿ ಓದಿ. ಸೊಸೆಯಂದಿರ, ಅಳಿಯಂದಿರ ಹೆಸರು ಬಿಟ್ಟುಹೋಗುವುದು ಮಾಮೂಲು.

ವಕೀಲರ ಸಂಘದ ಸಂತಾಪ ಸಭೆಗೆ ಪುಸ್ತಿಕೆ ಬೇಡ, 250 ಪದಗಳ ಒಂದು ಹಾಳೆ ಸಾಕು: ಹುಟ್ಟು, ಓದು, ಯಾರ ಬಳಿ ಜೂನಿಯರ್, ಸನ್ನದಿನ ವರ್ಷ, ಒಂದೆರಡು ಕೇಸು, ಮನೆಯವರು. ಹಿಂದಿನ ದಿನವೇ ಕಾರ್ಯದರ್ಶಿಗೆ ಕೊಡಿ. ಹಾಗೆಯೇ 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯಡಿ ಅವರು ಸದಸ್ಯರಾಗಿದ್ದರೇ, ನಾಮಿನಿ ಯಾರು ಎಂದು ಅಲ್ಲೇ ವಿಚಾರಿಸಿ. ಅದಕ್ಕೂ ಅದೇ ನೋಂದಣಿ ಸಂಖ್ಯೆ ಕೇಳುತ್ತಾರೆ.