ಹುಬ್ಬಳ್ಳಿ-ಧಾರವಾಡಕ್ಕ ಹೊಸದಾಗಿ ಬಂದೀರೇನ್ರಿ? ಮನಿ ಹಿಡಿಯೂಕಿಂತ ಮೊದ್ಲ ಓಡಾಟದ ಲೆಕ್ಕ ಹಾಕ್ರಿ

ಹೊಸದಾಗಿ ಬಂದ ಮಂದಿ ನಮ್ಮ ಕನ್ನಡ ಸಂಘಕ್ಕ ಬಂದ್ರ ಕೇಳೂದು ಎರಡ, ಬಾಡಿಗಿ ಮನಿ ಎಲ್ಲಿ ಸಿಗ್ತೈತಿ, ಮಕ್ಕಳಿಗೆ ಸಾಲಿ ಯಾವ್ದು ಚಲೋ. ಓಡಾಟದ ಖರ್ಚು ಯಾರೂ ಕೇಳಂಗಿಲ್ಲ, ಮೂರು ತಿಂಗ್ಳ ಆದ ಮ್ಯಾಲೆ ಬಂದು ರೊಕ್ಕ ಎಲ್ಲಿ ಹೊಂಟೈತಿ ತಿಳಿವಲ್ದು ಅಂತಾರ. ಅದಕ್ಕ ಈ ಸಲ ಅದನ್ನ ಮೊದ್ಲ ಬರದೀವಿ.

ಊರ ಹೊರಗ ಹೊಸ ಲೇಔಟ್‌ನಾಗ ಬಾಡಿಗಿ ಎರಡು ಸಾವಿರ ಕಡಿಮಿ ಸಿಗಬಹುದು ಖರೆ, ಆದ್ರ ಅಲ್ಲಿಂದ ಬಸ್ ಸ್ಟಾಪ್ ತನಕ ದಿನಾ ಆಟೋ ಬೇಕಾತಂದ್ರ ಹೋಗಾಕ 40 ಬರಾಕ 40 ಹಿಡೀರಿ, 25 ದಿನಕ್ಕ 2000 ಅಲ್ಲೇ ಹೋತು, ಅದೂ ಮನ್ಯಾಗ ಒಬ್ಬರದ್ದ ಲೆಕ್ಕ. ಮನಿ ನೋಡಾಕ ಹೋಗೂವಾಗ ಯಾರದರ ಗಾಡಿ ಮ್ಯಾಲೆ ಹೋಗಬ್ಯಾಡ್ರಿ, ಬಸ್ಸಿಗೆ ಹೋಗಿ ಇಳದು ನಡಕೋತ ಹೋಗ್ರಿ, ರಾತ್ರಿ ಎಂಟರ ಮ್ಯಾಲೆ ಇನ್ನೊಮ್ಮೆ ಹೋಗಿ ಆಗ ಬಸ್ ಬರ್ತೈತೋ ಇಲ್ಲೋ ನೋಡ್ರಿ. ಆಟೋದವ್ರ ಕೂಡ ಹತ್ತೂಕಿಂತ ಮೊದ್ಲ ರೇಟ್ ಮಾತಾಡಿ ಬಿಡೂದು ಚಲೋ.

ಹುಬ್ಬಳ್ಳಿ ಧಾರವಾಡ ನಡುವ ಓಡಾಡಾಕ ಚಿಗರಿ ಬಸ್ ಐತಿ. 2018ರ ಅಕ್ಟೋಬರ್‌ದಾಗ ಪ್ರಾಯೋಗಿಕವಾಗಿ ಸುರು ಆತು, 2020ರ ಫೆಬ್ರುವರಿಯೊಳಗ ಅಧಿಕೃತ ಉದ್ಘಾಟನೆ ಆತು, ಸುಮಾರು 22 ಕಿಲೋಮೀಟರ್ ಅದಕ್ಕಂತನ ಬ್ಯಾರೆ ದಾರಿ, ಏಸಿ ಬಸ್, ಟ್ರಾಫಿಕ್‌ನಾಗ ಸಿಗಂಗಿಲ್ಲ. ಟಿಕೆಟ್ ಬಸ್ಸಿನಾಗ ಕೊಡಂಗಿಲ್ಲ, ಸ್ಟೇಷನ್ ಕೌಂಟರ್‌ದಾಗ ತಗೊಂಡು ಗೇಟಿನಾಗ ತೋರಿಸಿ ಒಳಗ ಹೋಗಬೇಕು. ಎಕ್ಸ್‌ಪ್ರೆಸ್ ಚಿಗರಿ ಎಲ್ಲಾ ಸ್ಟೇಷನ್‌ನಾಗ ನಿಲ್ಲಂಗಿಲ್ಲ, ಹತ್ತೂಕಿಂತ ಮೊದ್ಲ ಕೇಳಿಕೊಳ್ರಿ. ಸ್ಟೇಷನ್ ರಸ್ತೆ ನಟ್ಟನಡುವ ಇರೂದ್ರಿಂದ ಸಣ್ಣ ಹುಡುಗ್ರನ್ನ ಕಟಗೊಂಡು ದಾಟೂವಾಗ ಸಿಗ್ನಲ್ ಇದ್ದಲ್ಲೇ ದಾಟ್ರಿ, ಅವಸರ ಮಾಡಬ್ಯಾಡ್ರಿ.

ಇನ್ನ ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಮಕ್ಕಳಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಸಿಟಿ ಬಸ್, ಸಾಮಾನ್ಯ ಬಸ್, ಎಕ್ಸ್‌ಪ್ರೆಸ್ ಬಸ್ಸಿನಾಗ ಫ್ರೀ. ಇದರಿಂದ ನಮ್ಮ ಕಡೆ ಎಷ್ಟು ಬದಲಾಗೈತಿ ಅನ್ನೂದು ಬಸ್ ಸ್ಟ್ಯಾಂಡಿನಾಗ ಹತ್ತು ನಿಮಿಷ ನಿಂತ್ರ ತಿಳೀತೈತಿ, ಅಣ್ಣಿಗೇರಿಯಿಂದ ಕುಂದಗೋಳದಿಂದ ಹೆಣ್ಮಕ್ಕಳು ದವಾಖಾನಿಗೆ, ಕೆಲಸಕ್ಕ, ಸಂತಿಗೆ, ತವರಮನಿಗೆ ಯಾರ ಮುಂದೂ ಕೈ ಒಡ್ಡದ ಬರ್ತಾರ ಹೋಗ್ತಾರ. ಮೊದ್ಲ ಬಸ್ ಚಾರ್ಜಿಗೆ ಗಂಡನ್ನ ಮಗನ್ನ ಕೇಳಬೇಕಿತ್ತು, ಅವ್ರು ಕೊಟ್ರ ಹೋಗೂದು ಇಲ್ಲಾಂದ್ರ ಬ್ಯಾನಿ ನುಂಗಿಕೊಂಡು ಮನ್ಯಾಗ ಕುಂದ್ರೂದು. ಗದ್ದಲ ಆಗೈತಿ ಅಂತ ಬೈಯ್ಯಾವ್ರು ಅದಾರ, ಗದ್ದಲ ಖರೇನ ಐತಿ, ಅದಕ್ಕ ಬಸ್ ಹೆಚ್ಚು ಬಿಡಬೇಕು, ಹೆಣ್ಮಕ್ಕಳು ಮನ್ಯಾಗ ಕುಂದ್ರಬೇಕು ಅಂತಲ್ಲ.

ಆದ್ರ ಹೊಸಬರು ಇಲ್ಲೇ ಎಡವೂದು. ಫ್ರೀ ಅಂದ್ರೂ ಕಂಡಕ್ಟರ್ ಕಡೆಯಿಂದ ಶೂನ್ಯ ಟಿಕೆಟ್ ತಗೊಳ್ಳಾಕಬೇಕು, ಕರ್ನಾಟಕದ ವಿಳಾಸ ಇರೂ ಗುರುತಿನ ಚೀಟಿ ತೋರಿಸಬೇಕು. ನಮ್ಮ ಓಣ್ಯಾಗ ಗೋವಾದಾಗ ಹದಿನೈದು ವರ್ಷ ಇದ್ದು ವಾಪಸ್ ಬಂದ ಅಕ್ಕಾರೊಬ್ಬರು ಅದಾರ, ಹುಟ್ಟಿದ್ದು ಇಲ್ಲೇ, ಮಾತು ಅಚ್ಚ ಧಾರವಾಡದ್ದು, ಆದ್ರ ಆಧಾರ್ ಮ್ಯಾಲೆ ವಾಸ್ಕೋ ವಿಳಾಸ. ಬಸ್ಸಿನಾಗ ಎಲ್ಲಾರ ಮುಂದ ರೊಕ್ಕ ಕೊಟ್ಟು ಟಿಕೆಟ್ ತಗೊಳ್ರಿ ಅಂದಾಗ ಭಾಳ ಬ್ಯಾಸರ ಮಾಡಿಕೊಂಡಿದ್ರು, ನಾಕು ತಿಂಗ್ಳ ರೊಕ್ಕ ಕೊಟ್ಟ ಓಡಾಡಿದ್ರು ಪಾಪ. ಸೊಲ್ಲಾಪುರ, ಪುಣೆ, ಮುಂಬೈ ಕಡೆಯಿಂದ ಬಂದವ್ರದ್ದೂ ಇದ ಕತಿ. ಅದಕ್ಕ ಬಾಡಿಗಿ ಕರಾರು ಪತ್ರ ಆದ ದಿನಾನ ಆಧಾರ್ ವಿಳಾಸ ಬದಲಿಗೆ ಅರ್ಜಿ ಹಾಕ್ರಿ. ಕರಾರು ಮನಿ ಹಿರೇರ ಹೆಸರಿಲೆ ಇದ್ರ ಮೊದ್ಲ ಅವ್ರದ್ದು ಬದಲಿ ಮಾಡಿಸಿ, ಆಮ್ಯಾಲೆ ಕುಟುಂಬದ ಮುಖ್ಯಸ್ಥರ ಒಪ್ಪಿಗಿ ಮ್ಯಾಲೆ ಉಳದವ್ರದ್ದು ಆನ್‌ಲೈನ್‌ನಾಗ ಬದಲಿ ಮಾಡಾಕ ಬರ್ತೈತಿ. ಗೋವಾ ಮಹಾರಾಷ್ಟ್ರಕ್ಕ ಹೋಗೂ ಬಸ್ಸಿನಾಗ ಮಾತ್ರ ಈ ಯೋಜನೆ ಇಲ್ಲ.

ಏಸಿ ಬಸ್ಸಿಗೆ ಶಕ್ತಿ ಇಲ್ಲ ಅಂದ್ರ ಚಿಗರಿಗೂ ಇಲ್ಲ. ಇದು ನಮ್ಮ ಮನಸ್ಸಿಗೆ ಭಾಳ ಹತ್ತಿದ ಸಂಗತಿ. ಚಿಗರಿ ಸ್ಟೇಷನ್ನಿನ ಕಟ್ಟಿ, ಬಸ್ಸಿನ ನೆಲ ಎರಡೂ ಒಂದ ಮಟ್ಟ, ಮೊಣಕಾಲು ಹೋದ ಅಜ್ಜಿ, ವೀಲ್‌ಚೇರ್‌ನಾಗ ಇದ್ದಾಕಿ, ಬಸುರಿ ಹೆಣ್ಮಗಳು ಎಲ್ಲಾರೂ ಸರಾಗ ಹತ್ತತಾರ. ಸಾದಾ ಬಸ್ಸಿನ ಮೆಟ್ಟಲ ಎತ್ತರ, ಇಬ್ಬರು ಹಿಡದ ಎತ್ತಬೇಕು. ಅಂದ್ರ ಆಕಿಗೆ ಫ್ರೀ ಇರೂ ಬಸ್ ಹತ್ತಾಕ ಆಗಂಗಿಲ್ಲ, ಹತ್ತಾಕ ಆಗೂ ಬಸ್ ಫ್ರೀ ಇಲ್ಲ, ಗಟ್ಟಿಮುಟ್ಟಾಗಿ ಇದ್ದ ನನಗ ಫ್ರೀ. ಅಂಗವಿಕಲ ಹೆಣ್ಮಕ್ಕಳಿಗಾದ್ರೂ ಚಿಗರಿಯೊಳಗ ಶಕ್ತಿ ನಡೀಬೇಕು ಅಂತ ನಾವು ಕೇಳಕೋತ ಇರ್ತೀವಿ. ಅಲ್ಲೀತನಕ ಮನ್ಯಾಗ ಅಂಗವಿಕಲರಿದ್ರ ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಮಾಡಿಸಿ, ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಾಗ ರಿಯಾಯಿತಿ ಪಾಸಿಗೆ ಅರ್ಜಿ ಹಾಕ್ರಿ. ಗಂಡ್ ಹುಡುಗ್ರ ವಿದ್ಯಾರ್ಥಿ ಪಾಸಿಗೂ ಅಲ್ಲೇ ಅರ್ಜಿ.

ಗಂಡಸರಿಗೆ ಖರ್ಚು ಏರೈತಿ, 2025ರ ಜನವರಿ 5ರಿಂದ ಸಾರಿಗೆ ಬಸ್ ದರ 15 ಪರ್ಸೆಂಟ್ ಹೆಚ್ಚಾತು. ಗದಗ, ಹಾವೇರಿ, ಅಣ್ಣಿಗೇರಿಯೊಳಗ ಮನಿ ಮಾಡಿ ಹುಬ್ಬಳ್ಳಿಗೆ ದಿನಾ ಬರಾವ್ರು ರೈಲಿನ ತಿಂಗಳ ಪಾಸ್ ನೋಡ್ರಿ, 150 ಕಿಲೋಮೀಟರ್ ತನಕ ಕೊಡ್ತಾರ, ಗದಗ ಸುಮಾರು 60, ಹಾವೇರಿ ಅದಕ್ಕೂ ಸ್ವಲ್ಪ ದೂರ, ಎರಡೂ ಅದರೊಳಗ ಬರ್ತಾವು. ಕೊರೊನಾ ನಂತರ ಪ್ಯಾಸೆಂಜರ್ ಗಾಡಿಗೆ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ ಟಿಕೆಟ್ 30 ಮಾಡಿದ್ರು, 2024ರ ಫೆಬ್ರುವರಿಯೊಳಗ ಮತ್ತ 10 ರೂಪಾಯಿಗೆ ಇಳಸ್ಯಾರ. ಆದ್ರ ಪಾಸ್ ತಗೊಂಡು ರಿಸರ್ವೇಶನ್ ಡಬ್ಬಿ ಹತ್ತಬ್ಯಾಡ್ರಿ, ದಂಡ ಬೀಳ್ತೈತಿ. ಇನ್ನೊಂದು, ಹುಬ್ಬಳ್ಳಿ ಸ್ಟೇಷನ್ನಿನ ಉದ್ದ ಪ್ಲಾಟ್‌ಫಾರ್ಮ್ 1507 ಮೀಟರ್, ಒಂದೂವರಿ ಕಿಲೋಮೀಟರ್ ಆತಲ್ರಿ, ವಯಸ್ಸಾದವ್ರನ್ನ ಕರಕೊಂಡ ಹೊಂಟಿದ್ರ ಡಬ್ಬಿ ಎಲ್ಲಿ ನಿಲ್ತೈತಿ ಅಂತ ಕೇಳಿಕೊಂಡು ಅರ್ಧಾ ತಾಸು ಮೊದ್ಲ ಹೋಗ್ರಿ.

ಹಿರೇರಿಗೆ ರೈಲಿನಾಗ ಇದ್ದ ರಿಯಾಯಿತಿ 2020ರ ಮಾರ್ಚ್‌ದಾಗ ತಗದ್ರು, ಮೊದ್ಲ ಗಂಡಸರಿಗೆ 40, ಹೆಣ್ಮಕ್ಕಳಿಗೆ 50 ಪರ್ಸೆಂಟ್ ಇತ್ತು. ನಮ್ಮ ಅಪ್ಪಾರು ವರ್ಷಕ್ಕ ಎರಡು ಸಲ ಬೆಂಗಳೂರಿಗೆ ಮೊಮ್ಮಕ್ಕಳನ್ನ ನೋಡಾಕ ಹೋಗಾವ್ರು ಈಗ ಒಂದ ಸಲ ಹೋಗ್ತಾರ. ಸಾರಿಗೆ ಬಸ್ಸಿನಾಗ ಮಾತ್ರ 60 ದಾಟಿದ ರಾಜ್ಯದವ್ರಿಗೆ 25 ಪರ್ಸೆಂಟ್ ರಿಯಾಯಿತಿ ಐತಿ, ಗುರುತಿನ ಚೀಟಿ ಕಿಸೆದಾಗ ಇರ್ಲಿ. ಕ್ಯಾನ್ಸರ್‌ನಂಥಾ ಬ್ಯಾನಿಗೆ ನವನಗರದ ಕ್ಯಾನ್ಸರ್ ದವಾಖಾನಿಗೆ ಊರಿಂದ ರೈಲಿಗೆ ಬರಾವ್ರು ದವಾಖಾನಿಯಿಂದ ರಿಯಾಯಿತಿ ಪತ್ರ ಬರಸ್ಕೊಳ್ರಿ, ಇದು ಇನ್ನೂ ಚಾಲೂ ಐತಿ, ಭಾಳ ಮಂದಿಗೆ ಗೊತ್ತ ಇರಂಗಿಲ್ಲ.

ಅರ್ಜಿ ತುಂಬಾಕ ಬರಲಿಲ್ಲಂದ್ರ ನಾಚಿಕಿ ಮಾಡಿಕೊಳ್ಳಬ್ಯಾಡ್ರಿ, ಭಾನುವಾರ ಮುಂಜಾನೆ ಸಂಘದಾಗ ನಾವು ಕುಂತಿರ್ತೀವಿ. ಆಧಾರ್, ಕರಾರು ಪತ್ರ, ಆಧಾರ್‌ಗೆ ಜೋಡಿಸಿದ ಮೊಬೈಲ್ ಮೂರೂ ತಗೊಂಡ ಬರ್ರಿ, ಓಟಿಪಿ ಬರೂ ಮೊಬೈಲ್ ಮನ್ಯಾಗ ಬಿಟ್ಟು ಬಂದ್ರ ಮತ್ತೊಂದು ವಾರ ಹೋಗ್ತೈತಿ.